ಗುಹೆಯದು ಗುಹೆಗೆ

ಗುಹೆಯೊಳಗಿನದು ಯಾವುದೂ ಹೊರಗೆ ಬರಬಾರದು. ಬಟ್ಟೆಗೆ ಹತ್ತಿದ ನೀರನ್ನೂ ಗುಹೆಯ ಬಾಯಲ್ಲೇ ನಿಂತು ಹಿಂಡಿ ಬರಬೇಕು. ಹೊಳೆದಂಡೆಯ ಆ ಆಶ್ರಮಕ್ಕೆ ಇದ್ದ ಕಟ್ಟಳೆ ಇದೊಂದೇ.

ಅದನ್ನು ಮುರಿಯದವರು ಅಲ್ಲಿ ಯಾರೂ ಇರಲಿಲ್ಲ.

ದರ್ಶನಕ್ಕೆ ಬಂದವರು ಗುಹೆಯೊಳಗಿನ ಕೊಳಗಳ ತಳದ ಮರಳನ್ನು ಸೆರಗಿಗೆ ಕಟ್ಟಿಕೊಂಡು ಹೋಗುತ್ತಿದ್ದರು. ಅಡುಗೆಯ ಹಂಪವ್ವ ಬೆಳ್ಳುಳ್ಳಿ ಜಜ್ಜಲು ಒಂದು ಗುಂಡುಕಲ್ಲು ತಂದಿಟ್ಟುಕೊಂಡಿದ್ದಳು. ಕೇಳಿದರೆ ಎಲ್ಲರದೂ ಒಂದೇ ಮಾತು: ಪ್ರಸಾದ.

ಈಗ ಶಿಷ್ಯ ಕಲ್ಲಿನಾಥನ ಕಮಂಡಲದಲ್ಲಿ ಒಂದು ಮೀನಿತ್ತು.

ಬೆರಳುದ್ದದ ಮೀನು, ಹಾಲು ಬಿಳುಪು. ತೆಳುಚರ್ಮದ ಕೆಳಗೆ ಕಿವಿರು ಕೆಂಪಗೆ ಮಿಡಿಯುವುದು ಹೊರಗಿಂದಲೇ ಕಾಣುತ್ತಿತ್ತು. ಕಣ್ಣಿರಬೇಕಾದ ಜಾಗದಲ್ಲಿ ಏನೂ ಇರಲಿಲ್ಲ. ಬೆಳಕು ತಲುಪದ ಒಳಕೊಳದಲ್ಲಿ ಮಾತ್ರ ಇಂಥವು ಬದುಕಿದ್ದವು. ನೀರಿಗಿಳಿದವರ ಹಿಮ್ಮಡಿಯನ್ನು ಮೂತಿಯಿಂದ ಮುಟ್ಟಿ, ಬಂದವರು ಯಾರೆಂದು ತಿಳಿದುಕೊಳ್ಳುತ್ತಿದ್ದವು. ಕಲ್ಲಿನಾಥನನ್ನೂ ಹಾಗೆಯೇ ಮುಟ್ಟಲು ಬಂದವು. ಹಿಡಿಯುವುದು ಏನೇನೂ ಕಷ್ಟವಾಗಲಿಲ್ಲ.

ಕಾರಣ ಇತ್ತು. ಗುರು ಅಡವಯ್ಯನವರ ಕಣ್ಣು ಮಬ್ಬಾಗುತ್ತ ಬಂದು, ಈಗ ಎದುರಿಗೆ ನಿಂತವರ ಆಕಾರ ಮಾತ್ರ ಉಳಿದಿತ್ತು. ಊರೂರು ತಿರುಗುವ ವೈದ್ಯನೊಬ್ಬ ಬಂದು ಪರೀಕ್ಷಿಸಿ, ಕಣ್ಣಿಲ್ಲದ ಮೀನಿನ ಪಿತ್ತವನ್ನು ಬಿಸಿಯಾರುವ ಮೊದಲೇ ಹಚ್ಚಬೇಕು ಎಂದಿದ್ದ. ಅವನ ತರ್ಕ ಸರಳ: ಆ ಮೀನು ಖರ್ಚು ಮಾಡದ ನೋಟವೆಲ್ಲ ಪಿತ್ತದಲ್ಲಿ ಉಳಿದಿರುತ್ತದೆ.

ಮೇಲಿನ ಸೀಮೆಯಲ್ಲಿ ಮಳೆಯಾಗಿ ಹೊಳೆ ಕೆಂಪಾಗಿತ್ತು. ಸಂಜೆಯೊಳಗೆ ಗುಹೆಯ ಬಾಯಿ ನೀರಿನಿಂದ ಮುಚ್ಚುತ್ತದೆ. ಮುಚ್ಚಿದರೆ ಮಳೆಗಾಲ ಮುಗಿಯುವವರೆಗೆ ತೆರೆಯದು. ಅಷ್ಟರಲ್ಲಿ ಗುರುಗಳಿಗೆ ಆಕಾರವೂ ಉಳಿಯುವುದಿಲ್ಲ ಎಂದು ವೈದ್ಯ ಹೇಳಿದ್ದ. ಹೇಳಿ, ಪಡಸಾಲೆಯಲ್ಲಿ ಕೂತು ಚಾಕು ಮಸೆಯುತ್ತಿದ್ದ.

ಕಲ್ಲಿನಾಥ ಸದ್ದಿಲ್ಲದೆ ಬಂದು ಗುರುಗಳ ಮುಂದೆ ಕಮಂಡಲ ಇಟ್ಟ. ಒಳಗೆ ಸಣ್ಣಗೆ ನೀರು ಸಿಡಿಯಿತು.

"ಯಾರದು ಒಳಗೆ?" ಎಂದರು ಅಡವಯ್ಯ.

ಏನದು ಎಂದು ಕೇಳಿದ್ದರೆ ಅವನಲ್ಲಿ ಉತ್ತರ ಸಿದ್ಧವಿತ್ತು. ಯಾರು ಎಂದದ್ದಕ್ಕೆ ತಡವರಿಸಿ, ಎಲ್ಲರೂ ಹೇಳುವುದನ್ನೇ ಹೇಳಿದ.

"ಪ್ರಸಾದ, ಗುರುಗಳೆ."

"ಪ್ರಸಾದ ಅಂದರೆ ಕೊಟ್ಟದ್ದು. ಕೊಟ್ಟವರು ಯಾರು?"

ಒಳಗಿನಿಂದ ಹಂಪವ್ವ ಕಲ್ಲಿನಾಥನ ಪರ ವಹಿಸಿಕೊಂಡು ಬಂದಳು. ಒಂದು ಮೀನು ಹೋದರೆ ಹೊಳೆ ಬಡವಾಗುವುದಿಲ್ಲ ಎಂದಳು. ನಿನ್ನೆ ಗುರುಗಳು ಕಂಬ ಅಂತ ತಿಳಿದು ತನ್ನ ಹೆಗಲಿಗೆ ಕೈ ಊರಿದ್ದನ್ನು ನೆನಪಿಸಿದಳು.

"ಕಂಬ ಇಷ್ಟು ಮಾತಾಡೂದಿಲ್ಲ ಅಂತ ಆಮೇಲೆ ಗೊತ್ತಾತು," ಎಂದರು ಅಡವಯ್ಯ. "ಹಂಪವ್ವ, ನಿನ್ನ ಬೆಳ್ಳುಳ್ಳಿ ಕಲ್ಲು ತಾ."

ಅವಳ ಮುಖ ಸಣ್ಣದಾಯಿತು. ಅದು ಇವರಿಗೆ ಗೊತ್ತೇ ಇಲ್ಲ ಎಂದುಕೊಂಡಿದ್ದಳು.

"ಆ ಕಲ್ಲಿನಾಗ ಜಜ್ಜಿದ ಚಟ್ನಿ ನಾನೂ ಉಂಡೇನಿ. ಗೊತ್ತಿದ್ದೇ ಉಂಡೇನಿ. ತಾ."

ಕಲ್ಲನ್ನು ಉಡಿಗೆ ಸಿಕ್ಕಿಸಿಕೊಂಡು, ಕಮಂಡಲ ಎತ್ತಿಕೊಂಡು ಅಡವಯ್ಯ ಗುಹೆಯ ಕಡೆ ಹೊರಟರು. ಚಾಕು ಮಸೆಯುವುದು ನಿಂತಿತು. ಹೊಳೆ ಏರುತ್ತಿದೆ, ಇದು ಹುಚ್ಚು ಎಂದು ವೈದ್ಯ ಕೂಗಿ ಹೇಳಿದ. ಕಲ್ಲಿನಾಥ ಓಡಿಹೋಗಿ ದಾರಿಗೆ ಅಡ್ಡ ನಿಂತ.

"ನಾನೇ ಬಿಟ್ಟು ಬರ್ತೀನಿ. ನೀವು ಬ್ಯಾಡ್ರಿ."

"ಬಿಡ್ತೀಯಾ?"

ಬಿಡುತ್ತೇನೆ ಎನ್ನಲು ಅವನಿಗೆ ನಾಲಿಗೆ ಬರಲಿಲ್ಲ. ಹೊರಬಿದ್ದದ್ದು ಬೇರೆಯೇ ಮಾತು.

"ನಿಮ್ಮ ಕಣ್ಣು ಹೋದರೆ ನನಗ ಓದು ಹೇಳಿಕೊಡೋರು ಯಾರು? ಅರ್ಧಕ್ಕೇ ನಿಲ್ಲಲೇನು?"

"ಹಂಗಾದರೆ ಕಣ್ಣು ಬೇಕಾಗಿದ್ದು ನಿನಗ," ಎಂದರು ಅಡವಯ್ಯ. ಸಿಟ್ಟಿರಲಿಲ್ಲ. "ಅದನ್ನ ಮೊದಲೇ ಹೇಳಬಾರದೇನು? ನಡಿ."

ಗುಹೆಯ ಬಾಯಲ್ಲಿ ನೀರು ಮೊಣಕಾಲಿಗೆ ಬಂದಿತ್ತು. ಮೊದಲ ಕೊಳದ ಅಂಚು ಆಗಲೇ ಮುಳುಗಿತ್ತು. ಗೋಡೆಯ ಬಿಳಿ ಏಡಿಗಳು ಗುಂಪುಗುಂಪಾಗಿ ಮೇಲಕ್ಕೆ ಹತ್ತುತ್ತಿದ್ದವು. ಕಲ್ಲಿನಾಥ ಗುರುಗಳ ಕೈ ಹಿಡಿದು ಹೆಜ್ಜೆ ಹೆಜ್ಜೆಗೂ ಎಚ್ಚರಿಸುತ್ತ ನಡೆಸಿದ. ಇಲ್ಲಿ ಕಲ್ಲು, ಇಲ್ಲಿ ತಗ್ಗು.

ತಿರುವು ದಾಟಿದ್ದೇ ಬೆಳಕು ಹೋಯಿತು. ಅವನ ಕಾಲು ಅಲ್ಲೇ ನಿಂತಿತು. ಹಿಂದಿನಿಂದ ಹೊಳೆಯ ಮೊರೆತ, ಮುಂದೆ ಕಪ್ಪು. ಅಂಗೈ ಮುಖಕ್ಕೆ ತಂದರೂ ಕಾಣದು.

ಆಮೇಲೆ ಕೈ ಹಿಡಿದು ನಡೆಸಿದವರು ಅಡವಯ್ಯ. ಪಡಸಾಲೆಯಲ್ಲಿ ಕಂಬ ತಡವುವ ಮನುಷ್ಯ ಇಲ್ಲಿ ಒಮ್ಮೆಯೂ ಎಡವಲಿಲ್ಲ. ನೀರು ಕಲ್ಲಿಗೆ ಬಡಿಯುವ ಸದ್ದು ಕೇಳುತ್ತ, ಇದು ನಡುಕೊಳ, ಬಲಕ್ಕೆ ಸರಿ, ಇನ್ನು ಒಳಕೊಳ, ಕೂಡು ಎಂದು ಮೆಲ್ಲಗೆ ಹೇಳುತ್ತ ಹೋದರು.

ಮೊದಲು ಕಲ್ಲು ನೀರಿಗಿಳಿದ ಸದ್ದಾಯಿತು. ಆಮೇಲೆ ಕಲ್ಲಿನಾಥನ ಕೈಗೆ ಕಮಂಡಲ ಬಂತು.

ಅವನು ಅದನ್ನು ಬಗ್ಗಿಸಲಿಲ್ಲ. ಬೆರಳು ಒಳಗೆ ಹಾಕಿದ. ಮೀನು ಪಕ್ಕಕ್ಕೆ ವಾಲಿತ್ತು. ಆದರೂ ಮೂತಿ ತಂದು ಬೆರಳಿಗೆ ಒತ್ತಿತು.

"ಇನ್ನೂ ಹೊತ್ತೈತ್ರಿ," ಎಂದ. "ಈಗ ಹೊರಟರೂ ವೈದ್ಯ ಸಿಗ್ತಾನ. ಒಂದು ಸಲ ಹೂಂ ಅನ್ರಿ."

ನೀರು ಅವನ ತೊಡೆ ಮುಟ್ಟಿತು. ಗುರುಗಳು ಪಕ್ಕದಲ್ಲೇ ಕೂತಿದ್ದಾರೆ, ತಾನು ಬಗ್ಗಿಸುವವರೆಗೆ ಕೂತೇ ಇರುತ್ತಾರೆ ಎಂಬುದು ಅವನಿಗೆ ಆಗ ತಿಳಿಯಿತು. ನೀರು ಎದೆಗೆ ಬಂದರೂ ಕೂತಿರುತ್ತಾರೆ.

ಕಮಂಡಲವನ್ನು ನೀರಿಗೆ ಬಗ್ಗಿಸಿದ.

ಒಂದು ಕ್ಷಣ ಏನೂ ಇಲ್ಲ. ಆಮೇಲೆ ಹಿಮ್ಮಡಿಗೆ ಏನೋ ತಾಗಿ ಸರಿದುಹೋಯಿತು.

ಮರಳುವಾಗ ಹೊಳೆ ನುಗ್ಗಿ ಬರುತ್ತಿತ್ತು. ನೀರು ಎದೆಮಟ್ಟ. ಗುಹೆಯ ಬಾಯಿ ಮೇಲ್ಗಡೆ ಒಂದು ಗೇಣಗಲದ ಬೆಳಕಿನ ಗೀರಾಗಿ ಉಳಿದಿತ್ತು. ಕಲ್ಲಿನಾಥ ಗುರುಗಳನ್ನು ಎಳೆದುಕೊಂಡೇ ಬಂದು ಬಾಯಿಯೆದುರಿನ ಹಾಸುಗಲ್ಲಿಗೆ ಹತ್ತಿಸಿದ. ಅಲ್ಲೂ ನೀರು ಸೊಂಟಕ್ಕಿತ್ತು. ಇನ್ನೊಂದು ಹೆಜ್ಜೆ ಹಾಕಿದರೆ ದಂಡೆ.

ಅಡವಯ್ಯ ಆ ಹೆಜ್ಜೆ ಇಡಲಿಲ್ಲ. ಹೆಗಲ ಮೇಲಿನ ವಸ್ತ್ರ ತೆಗೆದು, ಗುಹೆಯ ಕಡೆ ತಿರುಗಿ ನಿಂತು ಹಿಂಡತೊಡಗಿದರು.

"ಗುರುಗಳೆ, ಇದು ಹೊಳೆ ನೀರು," ಎಂದ ಕಲ್ಲಿನಾಥ. "ಗುಹೆದ್ದಲ್ಲ, ಹೊಳೆದು. ದಾಟ್ರಿ."

ಅವರು ವಸ್ತ್ರದ ಇನ್ನೊಂದು ತುದಿಯನ್ನು ಅವನ ಕಡೆ ಚಾಚಿದರು.

"ಯಾವುದು ಹೊಳೆದು, ಯಾವುದು ಗುಹೆದು, ನನ್ನ ಕಣ್ಣಿಗೆ ಕಾಣೂದಿಲ್ಲಪ್ಪ. ಹಿಂಡು."