ಬೀಸುವ ಪದದ ಒಂದು ಮಾತು

"ಗುರುಗಳೇ, ಮನಸ್ಸಿನಲ್ಲಿ ಕಲ್ಮಶವಿಲ್ಲದೆ ಆಡಿದ ಮಾತು ಹೇಗೆ ತಪ್ಪಾಗುತ್ತದೆ?" ಎಂದು ಶಿಷ್ಯ ಕೇಳಿದ.

ಅವನು ಆ ದಿನ ಸಂತೆಯಲ್ಲಿ ಒಂದು ಕೇರಿಯವರನ್ನು ಹಳೆಯ ಹೆಸರಿನಿಂದ ಕರೆದಿದ್ದ. ಹಾಗೆ ಕರೆಯಬೇಡ ಎಂದು ಅವರು ತಡೆದಿದ್ದರು. ಆ ಹೆಸರನ್ನು ಅವನು ಕಲಿತದ್ದು ಅಜ್ಜಿಯ ಬಾಯಿಂದ. ಅಜ್ಜಿ ಯಾರನ್ನೂ ಹಗುರಾಗಿ ಕಂಡವಳಲ್ಲ.

ಗುರುಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ರೈತನ ಹೆಂಡತಿ ಇದ್ದಳು. ಬೀಸುವ ಪದ ಹಾಡುವುದರಲ್ಲಿ ಅವಳನ್ನು ಮೀರಿಸುವವರು ಸುತ್ತಿನಲ್ಲಿ ಇರಲಿಲ್ಲ. ಪದಗಳೆಲ್ಲ ತಾಯಿಯಿಂದ ಬಂದವು. ತಾಯಿ ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡೇ ಜೋಳ ಬೀಸುತ್ತಿದ್ದಳು. ಹಾಲಿನ ಜೊತೆಗೆ ಹಾಡೂ ಮಗಳಿಗೆ ಇಳಿಯಿತು. ತಾಯಿ ತೀರಿಕೊಂಡ ಮೇಲೆ ಅವಳ ಮುಖ ನೆನಪಿನಲ್ಲಿ ಮಸುಕಾಗುತ್ತ ಹೋಯಿತು. ದನಿ ಮಾತ್ರ ಪದಗಳಲ್ಲಿ ಉಳಿಯಿತು.

ಆ ಊರಿನ ಕೆರೆಯ ಆಚೆಗೆ ಚಾಪೆ ಹೆಣೆಯುವವರ ಕೇರಿ. ಅವರು ಕೆರೆಗೆ ಇಳಿದು ಜೊಂಡು ಕೊಯ್ಯುತ್ತಿದ್ದರು. ಊರವರು ಅವರನ್ನು ಕೆಸರುಗಾಲಿನವರು ಎನ್ನುತ್ತಿದ್ದರು. ಮೊದಲು ಹಾಗೆ ಕರೆದವರು ಯಾರೋ ತಿಳಿಯದು. ಕಾಲು ತೊಳೆದು ಬಂದವರಿಗೂ ಅದೇ ಹೆಸರು, ಕೆರೆಗೆ ಇಳಿಯದ ಕೂಸಿಗೂ ಅದೇ ಹೆಸರು.

ಆ ಕೇರಿಯ ಒಬ್ಬ ಹೆಂಗಸು ರೈತನ ಹೆಂಡತಿಗೆ ಗೆಳತಿ. ಅವಳ ಮನೆಯಲ್ಲಿ ಬೀಸುವ ಕಲ್ಲಿರಲಿಲ್ಲ. ಇವಳಿಗೆ ಜೊತೆಗೆ ಗೂಟ ಹಿಡಿಯುವವರಿರಲಿಲ್ಲ. ನಸುಕಿನಲ್ಲಿ ಇಬ್ಬರೂ ಎದುರುಬದುರಾಗಿ ಕೂತು ಒಂದೇ ಗೂಟಕ್ಕೆ ಕೈ ಹಚ್ಚಿ ಇಬ್ಬರ ಮನೆಯ ಜೋಳವನ್ನೂ ಬೀಸುತ್ತಿದ್ದರು. ಒಬ್ಬಳು ಎತ್ತಿಕೊಟ್ಟರೆ ಇನ್ನೊಬ್ಬಳು ದನಿಗೂಡಿಸುವಳು. ಮದುವೆಯಾಗಿ ಬಂದ ಹೊಸದರಲ್ಲಿ ಶುರುವಾದದ್ದು ಇಬ್ಬರ ಮಕ್ಕಳು ದೊಡ್ಡವರಾಗುವವರೆಗೂ ನಡೆಯಿತು. ಒಬ್ಬಳ ಬಾಣಂತನಕ್ಕೆ ಇನ್ನೊಬ್ಬಳು ಒದಗಿದಳು. ಒಬ್ಬಳ ಕೂಸು ಸತ್ತಾಗ ಇನ್ನೊಬ್ಬಳು ಅವಳ ಮನೆಯ ಒಲೆ ಹಚ್ಚಿದಳು.

ಪದಗಳಲ್ಲೆಲ್ಲ ರೈತನ ಹೆಂಡತಿಗೆ ಪ್ರಾಣವಾದದ್ದು ಒಂದು.

ಕೆರೆ ದಾಟಿ ಬಂದಾರ ಕೆಸರುಗಾಲಿನ ಮಂದಿ
ಮೊರ ತುಂಬ ಜೋಳ ನೀಡವ್ವ, ನಿನ ಮನೆಯ
ಸಿರಿ ನಿಲ್ಲಲೆಂದು ಹರಸ್ಯಾರ

ತಾಯಿ ಈ ಪದ ಹಾಡುತ್ತ ಹಾಡುತ್ತಲೇ ಮಗಳ ಕೈಗೆ ಮೊದಲ ಬಾರಿ ಗೂಟ ಕೊಟ್ಟಿದ್ದಳು.

ಮುಂದೆ ಊರಿಗೆ ಗಿರಣಿ ಬಂತು. ಕಲ್ಲು ಮೂಲೆ ಸೇರಿತು. ಗೆಳತಿ ಬರುವುದು ಹಬ್ಬಕ್ಕೋ ಹುಣ್ಣಿಮೆಗೋ ಆಯಿತು. ಮದುವೆಯ ಮನೆಯಲ್ಲಿ ಮಾತ್ರ ಕಲ್ಲಿಗೆ ಪೂಜೆ ಮಾಡಿ ಒಂದು ಹಿಡಿ ಜೋಳ ಬೀಸುವ ಶಾಸ್ತ್ರ ಉಳಿಯಿತು. ಅಂದು ರೈತನ ಹೆಂಡತಿ ಹಾಡಲೇಬೇಕು. ವಯಸ್ಸಾದ ಅವಳು ಅಂಥ ದಿನಕ್ಕಾಗಿ ಕಾಯುತ್ತಿದ್ದಳು. ಬಾಯಿ ತೆರೆದರೆ ಹಳೆಯ ನಸುಕೆಲ್ಲ ತಿರುಗಿ ಬರುತ್ತಿತ್ತು.

ಇತ್ತ ಚಾಪೆಯ ಕೇರಿಯಲ್ಲಿ ಹೊಸ ಪೀಳಿಗೆ ಬೆಳೆದಿತ್ತು. ಅವರು ಊರಿಗೆ ಬಂದು, "ನಮ್ಮನ್ನು ಆ ಹೆಸರಿನಿಂದ ಕರೆಯಬೇಡಿ. ನಾವು ಚಾಪೆ ಹೆಣೆಯುವವರು, ಹಾಗೆಂದೇ ಕರೆಯಿರಿ" ಎಂದರು. ಊರ ಹಿರಿಯರು ಒಪ್ಪಿದರು. ಹಳೆಯ ಹೆಸರು ಕ್ರಮೇಣ ಜನರ ಬಾಯಿಂದ ಇಳಿಯಿತು. ಪದದಲ್ಲಿ ಮಾತ್ರ ನಿಂತಿತ್ತು.

ಆ ವರ್ಷ ಊರ ಗೌಡನ ಮಗಳ ಮದುವೆ. ಗೌಡ ತಾನೇ ಬಂದು ರೈತನ ಹೆಂಡತಿಗೆ ಹೇಳಿದ. "ತಾಯಿ, ಎಲ್ಲ ಪದವನ್ನೂ ಹಾಡು. ಆ ಒಂದು ಮಾತನ್ನು ಮಾತ್ರ ಬದಲಿಸು. ಚಾಪೆಯವರನ್ನೂ ಕರೆದಿದ್ದೇನೆ."

ಅವಳ ಮುಖ ಸಣ್ಣದಾಯಿತು. "ಅದು ನಮ್ಮವ್ವ ಕಲಿಸಿದ ಪದ. ಹಸಿದವರಿಗೆ ನೀಡು ಅನ್ನುವ ಪದದಲ್ಲಿ ನಿಮಗೆ ಕೆಟ್ಟದ್ದು ಕಾಣಿಸಿತೇ? ನಾನು ಹಾಡುವುದಿಲ್ಲ, ಬೇರೆ ಯಾರನ್ನಾದರೂ ಕರೆಸಿಕೊಳ್ಳಿ" ಎಂದಳು.

ಸುದ್ದಿ ಕೆರೆಯ ಆಚೆಗೂ ಮುಟ್ಟಿತು. ಮರುದಿನ ಮಧ್ಯಾಹ್ನ ಗೆಳತಿ ಬಂದಳು. ರೈತನ ಹೆಂಡತಿ ಮೂಲೆಯ ಕಲ್ಲಿನ ಪಕ್ಕದಲ್ಲೇ ಕೂತಿದ್ದಳು. ಗೆಳತಿಯನ್ನು ಕಂಡು ಅವಳಿಗೆ ಜೀವ ಬಂದಂತಾಯಿತು.

"ನೀನಾದರೂ ಹೇಳು ಅವರಿಗೆ. ಇಷ್ಟು ವರ್ಷ ನನ್ನ ಜೊತೆ ಕೂತು ಹಾಡಿದವಳು ನೀನು. ನಿನಗೆ ಯಾವತ್ತಾದರೂ ನೋವಾಯಿತೇ?"

ಗೆಳತಿ ಮೂಲೆಯ ಕಲ್ಲಿನ ಮೇಲೆ ಕೈಯಿಟ್ಟಳು. "ಒಂದಿಷ್ಟು ಜೋಳ ತಾ ಅಕ್ಕ, ಬೀಸೋಣ. ಎಷ್ಟು ಕಾಲವಾಯಿತು" ಎಂದಳು.

ಇಬ್ಬರೂ ಕಲ್ಲನ್ನು ಒರೆಸಿ ಎದುರುಬದುರಾಗಿ ಕೂತರು. ಕಲ್ಲಿನ ಬಾಯಿಗೆ ಜೋಳ ಹಾಕಿ ಗೂಟ ಹಿಡಿದರು. ರೈತನ ಹೆಂಡತಿ ಆ ಪದವನ್ನೇ ಎತ್ತಿದಳು. ಗೆಳತಿ ದನಿಗೂಡಿಸಿದಳು. ಕೆರೆ ದಾಟಿ ಬಂದಾರ ಎನ್ನುವವರೆಗೆ ಎರಡೂ ದನಿ ಒಂದಾಗಿ ಹೋದವು. ಅಲ್ಲಿಗೆ ಗೆಳತಿ ಗೂಟದಿಂದ ಕೈ ತೆಗೆದಳು. ತಲೆ ತಗ್ಗಿಸಿ, ಮೊರದಿಂದ ಒಂದು ಹಿಡಿ ಜೋಳ ತೆಗೆದು ಕಲ್ಲಿನ ಬಾಯಿಗೆ ಸುರಿದಳು. ಬಾಯಿ ಇನ್ನೂ ತುಂಬಿಯೇ ಇತ್ತು. ಕಾಳು ಹೊರಚೆಲ್ಲಿ ನೆಲಕ್ಕೆ ಉರುಳಿತು.

ರೈತನ ಹೆಂಡತಿ ಹಾಡು ನಿಲ್ಲಿಸಿದಳು.

ಹಳೆಯ ನಸುಕುಗಳು ಒಂದೊಂದೇ ಅವಳ ಕಣ್ಣ ಮುಂದೆ ಬಂದವು. ಪ್ರತಿ ಸಲವೂ ಆ ಮಾತಿಗೆ ಸರಿಯಾಗಿ ಗೆಳತಿಯ ಕೈ ಮೊರಕ್ಕೆ ಹೋಗುತ್ತಿತ್ತು. ಕಲ್ಲಿನ ಹಸಿವು ನಿನ್ನ ಕೈಗೆ ಗೊತ್ತು ಎಂದು ತಾನೇ ಅವಳನ್ನು ಹೊಗಳಿದ್ದಳು. ಆ ಮಾತು ಬಂದಾಗ ಕಲ್ಲು ಸ್ವಲ್ಪ ಭಾರವೆನಿಸುತ್ತಿದ್ದದ್ದೂ ಈಗ ನೆನಪಾಯಿತು.

ಗೆಳತಿ ನೆಲದ ಕಾಳನ್ನು ಆರಿಸುತ್ತ ಮೆಲ್ಲಗೆ ಹೇಳಿದಳು. "ಕಾಳು ಹಾಕುವಾಗ ಬಾಯಿ ಮುಚ್ಚಿಕೊಂಡಿರಬಹುದಲ್ಲ, ಅಕ್ಕ."

"ನನಗೆ ಒಂದು ಮಾತು ಹೇಳಬಾರದಿತ್ತೇ?"

"ಹಾಡುವಾಗ ನಿಮ್ಮವ್ವನೇ ಬಂದಂತಾಗುತ್ತದೆ ಅನ್ನುತ್ತಿದ್ದೆ ನೀನು. ನಾನು ಹೇಗೆ ಹೇಳಲಿ? ಉಳಿದ ಪದವೆಲ್ಲ ನನಗೂ ಇಷ್ಟವೇ. ಮನೆಯಲ್ಲಿ ಒಬ್ಬಳೇ ಇದ್ದಾಗ ಹಾಡಿಕೊಳ್ಳುತ್ತೇನೆ."

ರೈತನ ಹೆಂಡತಿ ತಾನೂ ಬಾಗಿ ಕಾಳು ಆರಿಸತೊಡಗಿದಳು. ಕಾಳೆಲ್ಲ ಮೊರಕ್ಕೆ ಬಂದ ಮೇಲೆ, "ನೀನು ಹೇಗೆ ಹಾಡಿಕೊಳ್ಳುತ್ತೀ, ಹೇಳಿಕೊಡು" ಎಂದಳು.

ಮದುವೆಯ ದಿನ ಇಬ್ಬರೂ ಕಲ್ಲಿನ ಮುಂದೆ ಕೂತರು. ಕೆರೆ ದಾಟಿ ಬಂದಾರ ಚಾಪೆ ಹೆಣೆಯುವ ಮಂದಿ ಎಂದು ಹಾಡಿದರು. ಧಾಟಿಗೆ ಮಾತು ಸರಿಯಾಗಿಯೇ ಕೂತಿತು. ರೈತನ ಹೆಂಡತಿಯ ನಾಲಿಗೆ ಮಾತ್ರ ಅಲ್ಲಿ ಒಂದು ಗಳಿಗೆ ಎಡವಿತು. ಆಗ ಗೆಳತಿಯ ದನಿ ಅವಳನ್ನು ಮುಂದಕ್ಕೆ ಕೊಂಡೊಯ್ದಿತು. ಬೀಸುತ್ತಿರುವಾಗ ಆ ದನಿಯನ್ನು ಅವಳು ಪದದ ಆ ಜಾಗದಲ್ಲಿ ಕೇಳಿದ್ದು ಅದೇ ಮೊದಲು.

ಮನೆಗೆ ಬಂದು ಅವಳು ಅತ್ತಳು. ತಾಯಿಯ ದನಿಯ ಒಂದು ಎಳೆ ಕಳಚಿಹೋಗಿತ್ತು. ಆದರೂ ಹಳೆಯ ಮಾತನ್ನು ಅವಳು ಮತ್ತೆ ಹಾಡಲಿಲ್ಲ, ಒಬ್ಬಳೇ ಇದ್ದಾಗಲೂ ಹಾಡಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯನಿಗೆ ಸಮಾಧಾನವಾಗಲಿಲ್ಲ. "ಹಾಗಾದರೆ ಅಷ್ಟು ವರ್ಷದ ಅವರ ಗೆಳೆತನ ಸುಳ್ಳೇ, ಗುರುಗಳೇ?" ಎಂದು ಕೇಳಿದ.

"ಸುಳ್ಳಲ್ಲ, ಆದರೆ ಅಷ್ಟು ವರ್ಷ ಅದನ್ನು ಕಾಪಾಡಿದವಳು ಗೆಳತಿಯೊಬ್ಬಳೇ" ಎಂದರು ಗುರುಗಳು.