ನಾಟಿ ಕೋಳಿಯ ವ್ಯಾಯಾಮ

ಲಾರಿಯಿಂದ ಬಿದ್ದು ಬದುಕಿಕೊಂಡ ಫಾರಂ ಕೋಳಿಯ ಮೇಲೆ ಬೆಕ್ಕೊಂದು ಎರಗಿತು. ನಾಟಿ ಕೋಳಿ ಅಡ್ಡ ಬಂದು, ಅದರ ಮೂಗಿಗೆ ಕುಕ್ಕಿ, ಹಾರಿ ಗೋಡೆ ಏರಿತು. ಬೆಕ್ಕು ಓಡಿತು.

“ಅಕ್ಕಾ, ನನಗೆ ನಿಂತರೂ ಕಾಲು ನಡುಗುತ್ತದೆ. ನೀವು ವ್ಯಾಯಾಮ ಯಾವಾಗ ಮಾಡುತ್ತೀರಿ?” ಎಂದು ಫಾರಂ ಕೋಳಿ ಕೇಳಿತು.

“ಹಾಗಂದರೇನೋ ನನಗೆ ಗೊತ್ತಿಲ್ಲ. ಈಗ ಹಸಿವಾಗಿದೆ,” ಎಂದು ನಾಟಿ ಕೋಳಿ ಕೆಳಗಿಳಿದು ತಿಪ್ಪೆ ಕೆದಕತೊಡಗಿತು.

“ಊಟದ ತಟ್ಟೆ ಎಲ್ಲಿದೆ?”

“ಮಣ್ಣಿನ ಕೆಳಗಿದೆ. ಕೆದಕು.”

ಫಾರಂ ಕೋಳಿ ಕೆದಕಿತು. ಹುಳು ಸಿಕ್ಕಿತು, ರಾಗಿ ಕಾಳು ಸಿಕ್ಕಿತು. ದಿನವೂ ಅಕ್ಕನ ಹಿಂದೆ ಹಿತ್ತಿಲೆಲ್ಲ ಸುತ್ತಿತು, ಎಳೆ ಸೊಪ್ಪಿಗಾಗಿ ಬೇಲಿಯವರೆಗೂ ಹೋಯಿತು.

ಮಳೆಗಾಲ ಮುಗಿಯುವಷ್ಟರಲ್ಲಿ ಬೆಕ್ಕು ಮತ್ತೆ ಬಂತು. ಎರಡೂ ಕೋಳಿಗಳು ಹಾರಿ ಗೋಡೆ ಏರಿದವು.

ಫಾರಂ ಕೋಳಿ ರೆಕ್ಕೆ ಸರಿಪಡಿಸಿಕೊಂಡು ಕೇಳಿತು: “ಅಕ್ಕಾ, ಆ ವ್ಯಾಯಾಮ ಯಾವಾಗ ಶುರು ಮಾಡೋಣ?”