ಕೈ ಮರೆಯದ ಕತ್ತಿ

ಆ ಆಶ್ರಮದಲ್ಲಿ ದೀಕ್ಷೆಗೆ ಮುನ್ನ ಶಿಷ್ಯನ ತಲೆಯನ್ನು ಗುರುವೇ ಬೋಳಿಸುವುದು ರೂಢಿ.

ಹಾಲಪ್ಪ ಈ ದಿನಕ್ಕಾಗಿ ವರ್ಷಗಟ್ಟಲೆ ಕಾದಿದ್ದ. ಮನೆ ಬೇಡ, ಮದುವೆ ಬೇಡ, ದೀಕ್ಷೆಯೊಂದು ಸಿಕ್ಕರೆ ಸಾಕು ಎಂದು ಹಂಬಲಿಸಿದ್ದ. ಬೆಳಗ್ಗೆ ಹೊಳೆಯಲ್ಲಿ ಮುಳುಗಿ ಬಂದು, ದಡದ ಕಲ್ಲಿನ ಮೇಲೆ ತಲೆ ಬಗ್ಗಿಸಿ ಕೂತ.

ಗುರು ನಿರ್ವಾಣಯ್ಯನವರು ಕೂದಲಿಗೆ ನೀರು ಹಚ್ಚಿ ಕ್ಷೌರದ ಕತ್ತಿ ಇಟ್ಟರು.

ಹಾಲಪ್ಪ ಎದ್ದು ಓಡಿದ.

ಸ್ವಲ್ಪ ಹೊತ್ತಿಗೆ ತಾನೇ ಬಂದು ಕೂತ. ಕತ್ತಿ ತಾಗಿದ್ದೇ ತಡ, ಮತ್ತೆ ಮುದುಡಿಕೊಂಡ. ಪಾಪ, ಮೈಯೆಲ್ಲ ಬೆವರು.

"ಕೂದಲ ಮೇಲೆ ಅಷ್ಟು ಆಸೆಯೇನೋ?"

"ಇಲ್ಲ ಗುರುಗಳೇ. ನನ್ನ ವೈರಾಗ್ಯ ಇನ್ನೂ ಗಟ್ಟಿಯಾಗಿಲ್ಲ."

"ದೊಡ್ಡ ಮಾತು ಬೇಡ. ಕತ್ತಿ ಇರೋದು ತಲೆ ಮೇಲೆ. ಕೈ ಎರಡೂ ತೊಡೆ ನಡುವೆ ಯಾಕೆ ಹೋದವು?"

ಹಾಲಪ್ಪ ನೋಡಿಕೊಂಡ. ಕೈಗಳು ಇನ್ನೂ ಅಲ್ಲೇ ಇದ್ದವು. ನಾಚಿಕೆಯಿಂದ ಅವನಿಗೆ ತಲೆ ಎತ್ತಲಾಗಲಿಲ್ಲ.

ಗುರು ಅವಸರ ಮಾಡಲಿಲ್ಲ. ಪಕ್ಕದಲ್ಲೇ ಕೂತರು.

"ನಾನಾಗ ತೀರಾ ಚಿಕ್ಕವನು," ಎಂದ ಹಾಲಪ್ಪ. "ಬರೀ ಮೈಯಲ್ಲಿ ಅವ್ವನ ಕೊರಳಿಗೆ ಜೋತುಬಿದ್ದಿದ್ದೆ, ಬಿಡ್ತಾನೇ ಇರಲಿಲ್ಲ. ಜಗಲಿ ಮೇಲೆ ಅಪ್ಪ ಗಡ್ಡ ಹೆರ್ಕೊಳ್ತಿದ್ರು. ಕತ್ತಿ ತೋರಿಸಿ, 'ಅವ್ವನ್ನ ಬಿಡ್ತೀಯೋ, ಇಲ್ಲಾ ಅದನ್ನ ಕೊಯ್ದುಬಿಡ್ಲೋ' ಅಂದ್ರು. ತಮಾಷೆಗೆ. ಮನೆಯವರೆಲ್ಲ ನಕ್ಕರು."

"ನೀನು?"

"ಅವ್ವನ್ನ ಬಿಟ್ಟೆ."

ಹಾಲಪ್ಪ ತೊಡೆ ನಡುವಿನಿಂದ ಕೈ ತೆಗೆದು ನೋಡಿಕೊಂಡ.

"ಇದೆಲ್ಲ ಮರೆತೇಹೋಗಿತ್ತು ಗುರುಗಳೇ."

"ನೀನು ಮರೆತೆ. ಕೈ ಮರೀಲಿಲ್ಲ."

ಹಾಲಪ್ಪ ಮತ್ತೆ ತಲೆ ಒಡ್ಡಿದ. "ಈಗ ಬೋಳಿಸಿ. ಹಲ್ಲು ಕಚ್ಚಿ ಕೂತಿರ್ತೀನಿ."

ಗುರು ಕತ್ತಿ ಎತ್ತಲಿಲ್ಲ.

"ಆವತ್ತು ಅವ್ವನ್ನ ಬಿಟ್ಟೆ. ಆಮೇಲೆ ಮನೆ ಬಿಟ್ಟೆ, ಮದುವೆ ಬೇಡ ಅಂದೆ. ಯಾರೋ ಕಸ್ಕೊಂಡಾರು ಅಂತ ಮೊದಲೇ ಕೊಟ್ಟುಬಿಡೋದು ವೈರಾಗ್ಯ ಅಲ್ಲ, ಮಗು."

ಹಾಲಪ್ಪನಿಗೆ ಅಳು ತಡೆಯಲಾಗಲಿಲ್ಲ. ಇಷ್ಟು ವರ್ಷ ಕಾದದ್ದು ಕಣ್ಣೆದುರೇ ಜಾರಿಹೋಗುತ್ತಿತ್ತು.

"ಹಾಗಾದ್ರೆ ನನಗೆ ದೀಕ್ಷೆ ಇಲ್ವಾ?"

"ಅಪ್ಪ ಇದ್ದಾರಾ?"

"ಇದ್ದಾರೆ, ಅಣ್ಣನ ಮನೇಲಿ. ಕೈ ನಡುಗುತ್ತಂತೆ. ಈಗ ತಾವೇ ಗಡ್ಡ ಹೆರ್ಕೊಳ್ಳೋಕೂ ಆಗಲ್ವಂತೆ."

ನಿರ್ವಾಣಯ್ಯನವರು ಕತ್ತಿಯನ್ನು ಹೊಳೆಯಲ್ಲಿ ತೊಳೆದರು. ತಮ್ಮ ಪಂಚೆಯ ಅಂಚಿಗೆ ಒರೆಸಿ, ಮಡಚಿ, ಹಾಲಪ್ಪನ ಅಂಗೈಯಲ್ಲಿಟ್ಟರು.

"ಹೋಗಿ ಅವರ ಗಡ್ಡ ಹೆರೆದು ಬಾ. ಆಮೇಲೂ ದೀಕ್ಷೆ ಬೇಕು ಅನ್ನಿಸಿದ್ರೆ ನಾನು ಇಲ್ಲೇ ಇರ್ತೀನಿ."

ಹಾಲಪ್ಪ ಕತ್ತಿಯನ್ನು ದಿಟ್ಟಿಸುತ್ತಾ ದಡ ಹತ್ತಿದ. ಹಿಂದಿನಿಂದ ಗುರು ಕೂಗಿ ಹೇಳಿದರು:

"ಕೈ ಹಗುರವಾಗಿರಲಿ ಕಣೋ. ವಯಸ್ಸಾದವರ ಕೆನ್ನೆ, ಬೇಗ ಗಾಯ ಆಗುತ್ತೆ."